ಮೂರನೇ ಬೇಲಿಯ ಆಚೆ ಅಪ್ಪನ ತರ್ಪಣ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ಈ ಕತೆಯನ್ನು ಹಿಂದೆ ಮನೆಮನೆಯಲ್ಲಿ ಹೇಳುತ್ತಿದ್ದಾಗ ತಪ್ಪು ಅಪ್ಪನದ್ದಾಗಿರುತ್ತಿತ್ತು, ಅಜ್ಜಿಯದ್ದಾಗಿರುತ್ತಿತ್ತು, ಕೆಲವು ಸಲ ಇಂಗ್ಲೆಂಡಿನ ಬಸ್ಸಿನದ್ದೂ ಆಗಿರುತ್ತಿತ್ತು. ನನ್ನದು ಮಾತ್ರ ಆಗಿರುತ್ತಿರಲಿಲ್ಲ.

ನೈರೋಬಿಯ ಕನ್ನಡದವರ ಯಾವ ಊಟಕ್ಕೆ ಹೋದರೂ ಇವತ್ತಿಗೂ ಯಾರಾದರೊಬ್ಬರು ಕೈಯಲ್ಲಿ ತಟ್ಟೆ ಹಿಡಿದೇ ಕೇಳುತ್ತಾರೆ: "ಚಿನ್ನು, ಆ ಬೀಚಿಂದು ಒಂದ್ಸಲ ಮಾಡೋ, ಪ್ಲೀಸ್." ಇಲ್ಲ ಅಂದರೆ ದೊಡ್ಡವನಾದ ಮೇಲೆ ಜಂಭ ಬಂತು ಅನ್ನುತ್ತಾರೆ. ಜಂಭ ಅಲ್ಲ, ಸುಸ್ತು. ಇಪ್ಪತ್ತನಾಲ್ಕು ವರ್ಷಕ್ಕೇ ಇಷ್ಟು ಸುಸ್ತಾಗಬಹುದು ಅಂತ ನನಗೆ ಗೊತ್ತಿರಲಿಲ್ಲ.

ಆಗ ನನಗೆ ಹನ್ನೊಂದು. ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಕಾಂಪೌಂಡಿನಲ್ಲಿ ಮಕ್ಕಳೆಲ್ಲ ಚೆಂಡು ಒದೆಯುತ್ತಿದ್ದರೆ ನಾನು ಗೇಟಿನ ಮೇಲೆ ಕೂತು ಕಾಮೆಂಟರಿ ಹೇಳುತ್ತಿದ್ದೆ. ಆಡಲು ಬರುತ್ತಿರಲಿಲ್ಲ, ಅದಕ್ಕೆ. ಮಟಾಟು ಅನ್ನುವ ಬಾಡಿಗೆ ವ್ಯಾನಿನ ಕಂಡಕ್ಟರನ ಹಾಗೆ ಬಾಗಿಲು ಬಡಿದು ಕೂಗುವುದು, ಮೂಲೆ ಅಂಗಡಿಯ ಪಟೇಲರ ಹಾಗೆ ಮೂಗಿನಲ್ಲಿ "ಬೋಲೋ ಬೇಟಾ" ಅನ್ನುವುದು, ಫೋನಿನಲ್ಲಿ ಅಮ್ಮನ ದನಿ ತೆಗೆದು ಅಪ್ಪನಿಗೆ "ರೀ, ಕೊತ್ತಂಬರಿ ಮರೀಬೇಡಿ" ಅನ್ನುವುದು. ಎರಡು ಸಲ ಅಪ್ಪ ನಿಜವಾಗಿಯೂ ಕೊತ್ತಂಬರಿ ತಂದಿದ್ದರು.

ಅಪ್ಪ ಮೊಂಬಾಸಾ ರಸ್ತೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮೈಸೂರಿನವರು, ಮೆಲುದನಿ, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ. ಎಂಥ ಸೆಕೆಯಲ್ಲೂ ಅವರು ಅಂಗಿ ಬಿಚ್ಚಿದ್ದನ್ನು ಹೊರಗಿನವರು ನೋಡಿಲ್ಲ. ಅವರ ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ಬಿಳಿ ಮಚ್ಚೆಗಳಿದ್ದವು. ತೊನ್ನು. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮದುವೆಗೆ ಮುಂಚೆ ಎರಡು ಸಂಬಂಧ ಅದರಿಂದಲೇ ಮುರಿದಿತ್ತಂತೆ. ಅಮಾವಾಸ್ಯೆಯ ದಿನ ತಾತನಿಗೆ ತರ್ಪಣ ಬಿಡುವಾಗ ಮೈಮೇಲೆ ಅಂಗಿ ಇರಬಾರದಲ್ಲ, ಆಗ ಕೆಲಸದ ವಂಜಿರುವನ್ನು ಹಾಲು ತರಲು ಅಂಗಡಿಗೆ ಕಳಿಸಿ, ಹಿತ್ತಲ ಬಾಗಿಲು ಹಾಕಿಕೊಂಡು, ಒಗೆಯುವ ಕಲ್ಲಿನ ಪಕ್ಕ ಅವಸರದಲ್ಲಿ ಮುಗಿಸುತ್ತಿದ್ದರು. ವಂಜಿರು ಬರುವಷ್ಟರಲ್ಲಿ ಕತ್ತಿನ ಗುಂಡಿ ಹಾಕಿ ಆಗಿರುತ್ತಿತ್ತು.

ತಾತನ ವರ್ಷಾಬ್ದಿಕ ಮುಗಿದ ಆಗಸ್ಟ್ ರಜೆಯಲ್ಲಿ ನಾವು ನಾಲ್ವರೂ, ಅಂದರೆ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು, ಇಂಗ್ಲೆಂಡಿಗೆ ಸುಮತ್ತೆಯ ಮನೆಗೆ ಹೋದೆವು. ಸುಮತ್ತೆ ಅಪ್ಪನ ತಂಗಿ, ದಕ್ಷಿಣ ತೀರದ ಒಂದು ಸಣ್ಣ ಊರಿನಲ್ಲಿ ನರ್ಸ್. ಮಗಳ ಮನೆ ನೋಡಬೇಕು ಅಂತ ತಾತ ಪಾಸ್‌ಪೋರ್ಟ್ ಮಾಡಿಸಿ, ಅದನ್ನು ರೇಷ್ಮೆ ಪಂಚೆಯ ಮಡಿಕೆಯಲ್ಲಿಟ್ಟುಕೊಂಡು, ಹೋಗದೆಯೇ ತೀರಿಕೊಂಡಿದ್ದರು. ಅಜ್ಜಿಗೆ ಒಂದೇ ಹಟ. "ಅಮಾವಾಸ್ಯೆ ಅಲ್ಲೇ ಬರತ್ತೆ ರಾಘು. ಮಗಳ ಊರಿನ ಸಮುದ್ರದಲ್ಲಿ ಅವರಿಗೆ ಒಂದು ಸಲ ಎಳ್ಳು-ನೀರು ಬಿಡು. ಕಾಲಲ್ಲಿ ಬರಕ್ಕಾಗ್ಲಿಲ್ಲ, ಹೀಗಾದ್ರೂ ಬರ್ಲಿ."

ಅಪ್ಪ ಮುಖ ಸಣ್ಣ ಮಾಡಿಕೊಂಡರು. "ಬಿಳಿಯರ ಮಧ್ಯೆ ಬರೀ ಮೈಯಲ್ಲಿ ಕೂತ್ಕೊಳ್ಳೋದು ಹ್ಯಾಗಮ್ಮ? ಬಾತ್‌ರೂಮಲ್ಲಿ ಮಾಡ್ತೀನಿ."

"ನಿಮ್ಮಪ್ಪ ಬಾತ್‌ರೂಮ್ ನೋಡೋಕಾ ಪಾಸ್‌ಪೋರ್ಟ್ ಮಾಡ್ಸಿದ್ದು?"

ಅಮಾವಾಸ್ಯೆಯ ದಿನ ಸುಮತ್ತೆಗೆ ಡ್ಯೂಟಿ. ನಾವೇ ಬಸ್ಸು ಹತ್ತಿದೆವು, ಅಪ್ಪ ಪಂಚೆಯಲ್ಲೇ. ರೇಷ್ಮೆ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಸುಮತ್ತೆಯ ಮಳೆಕೋಟು: ಅಜ್ಜಿ ಕಟ್ಟಿಟ್ಟ ಹಾಸಿಗೆಯ ಹಾಗೆ ಕಾಣುತ್ತಿದ್ದರು. ಅಮ್ಮನ ಚೀಲದಲ್ಲಿ ತಾಮ್ರದ ಚೊಂಬು, ಎಳ್ಳು, ದರ್ಭೆ, ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ. ಬಸ್ಸಿಳಿದರೆ ಕಡಲ ತೀರದ ತುಂಬ ಜನ, ಸುಡುವ ಎಣ್ಣೆಯ ಮತ್ತು ವಿನೆಗರ್ ಹಾಕಿದ ಚಿಪ್ಸಿನ ವಾಸನೆ. ಅಪ್ಪ ತಿರುಗಿ ಬಸ್ ಸ್ಟಾಪಿನ ಕಡೆ ನೋಡಿದರು.

"ಹೋಗೋ ಚಿನ್ನು," ಅಂದರು ಅಮ್ಮ, "ಜನ ಇಲ್ದಿರೋ ಜಾಗ ಎಲ್ಲಿದೆ ಅಂತ ಕೇಳ್ಕೊಂಡು ಬಾ."

ಚಹಾ ಮಾರುವ ಗೂಡಿನಲ್ಲಿ ಒಬ್ಬ ದಪ್ಪ ಹೆಂಗಸು. ನಾನು ಅವಳದೇ ಉಚ್ಚಾರ ಅನುಕರಿಸುತ್ತ ಕೇಳಿದೆ: ನಮ್ಮಪ್ಪ ಪೂಜೆ ಮಾಡಬೇಕು, ಅಂಗಿ ತೆಗೆಯಬೇಕು, ಅವರಿಗೆ ನಾಚಿಕೆ, ಎಲ್ಲಿ ಹೋಗೋಣ? ಅವಳು ಕೌಂಟರಿನ ಮೇಲೆ ಬಗ್ಗಿ ಕೈ ತೋರಿಸಿದಳು. ಅಲೆ ತಡೆಯಲು ಸಮುದ್ರಕ್ಕೆ ಇಳಿಸಿದ ಮರದ ಬೇಲಿಗಳು ಕಾಣ್ತವಲ್ಲ, ಮೂರನೆಯದನ್ನು ದಾಟಿದರೆ ಜನ ಕಮ್ಮಿ. ಆದರೆ ಅಲ್ಲಿ ಇರುವವರು ಬಟ್ಟೆಯ ಗೋಜಿಗೆ ಹೋಗುವುದಿಲ್ಲ. ಬೋರ್ಡು ಗೀರ್ಡು ಇಲ್ಲ, ಯಾರೂ ಬರೆದುಕೊಟ್ಟಿಲ್ಲ, ವಾಡಿಕೆ ಅಷ್ಟೆ. ಒಳ್ಳೆಯ ಜನ. ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡು ಮಗು, ಗಾಬರಿಯಾದಾರು.

ನಾನು ಓಡಿ ಬಂದು ಹೇಳಿದ್ದು ಇಷ್ಟು: "ಅಪ್ಪಾ, ಥರ್ಡ್ ಫೆನ್ಸ್ ದಾಟಿದ್ರೆ ಖಾಲಿಯಂತೆ. ಅಲ್ಲಿ ಅಂಗಿ ಬಿಚ್ಚಿದ್ರೆ ಯಾರೂ ಏನೂ ಅನ್ಕೊಳ್ಳಲ್ವಂತೆ."

ಒಂದಕ್ಷರ ಸುಳ್ಳಿಲ್ಲ. ಅರ್ಧ ಮಾತ್ರ ನುಂಗಿದ್ದೆ. ಅಪ್ಪನ ಮುಖ ಹೇಗಾಗುತ್ತದೆ ನೋಡಬೇಕಿತ್ತು. ನೈರೋಬಿಗೆ ಹೋದ ಮೇಲೆ ಮಾಡಿ ತೋರಿಸಲು ಹೊಸದೊಂದು ಬೇಕಿತ್ತು.

ಉರುಟು ಕಲ್ಲುಗಳ ಮೇಲೆ ಅಜ್ಜಿಯ ಕೈ ಹಿಡಿದುಕೊಂಡು ಮೂರನೇ ಬೇಲಿಯ ಮೆಟ್ಟಿಲು ದಾಟಿದೆವು. ಒಣಗಿದ ಪಾಚಿಯ ಕಟು ವಾಸನೆ. ಅಲ್ಲಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ನಿವೃತ್ತ ಮೇಷ್ಟರ ವಯಸ್ಸಿನವರು. ಒಬ್ಬರು ಪೇಪರ್ ಓದುತ್ತಿದ್ದರು, ಒಬ್ಬಾಕೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಯಾರ ಮೈಮೇಲೂ ಬಟ್ಟೆ ಇರಲಿಲ್ಲ. ಅಪ್ಪ ನಿಂತಲ್ಲೇ ನಿಂತರು. ಅಮ್ಮ ಸಮುದ್ರವನ್ನೇ ನೋಡತೊಡಗಿದರು, ಅದರಲ್ಲಿ ಏನೋ ಬಿದ್ದುಹೋಗಿದೆಯೇನೋ ಅನ್ನುವ ಹಾಗೆ. ಆದರೆ ಎಲ್ಲರೂ ಕಣ್ಣು ಬಿಟ್ಟು ನೋಡಿದ್ದು ನಮ್ಮನ್ನು. ಮೂರು ಸುತ್ತು ಬಟ್ಟೆ ಸುತ್ತಿಕೊಂಡ ಅಜ್ಜಿಯಂಥ ವಿಚಿತ್ರ ಆ ತೀರಕ್ಕೆ ಎಂದೂ ಬಂದಿರಲಿಕ್ಕಿಲ್ಲ.

"ವಾಪಸ್ ಹೋಗೋಣ," ಅಂದರು ಅಪ್ಪ, ತುಟಿ ಅಲ್ಲಾಡಿಸದೆ.

"ಗಂಟೆ ಎಷ್ಟಾಯ್ತು ನೋಡು. ಎಲ್ಲಿಗೆ ಹೋಗ್ತೀಯ?" ಅಜ್ಜಿ ನಿಧಾನವಾಗಿ ಸುತ್ತ ನೋಡಿದರು. "ದಕ್ಷಿಣಕ್ಕೇ ಇದೆ ಸಮುದ್ರ, ತಿರುಗೋದೂ ಬೇಡ. ಕೂತ್ಕೋ."

"ಅಮ್ಮ, ಜನ ನೋಡಮ್ಮ!"

"ನೋಡಿದೆ. ನಿನ್ನ ನೋಡೋಕೆ ಬಂದವರಲ್ಲ ಅವರು."

ಅಷ್ಟರಲ್ಲಿ ಒಬ್ಬ ಮುದುಕರು ಎದ್ದು ಬಂದರು. ತಲೆಗೆ ಹ್ಯಾಟು, ಕಾಲಿಗೆ ಚಪ್ಪಲಿ, ನಡುವೆ ಎದೆಯಿಂದ ಹೊಟ್ಟೆಗೆ ಇಳಿದ ಆಪರೇಷನ್ ಗುರುತು ಒಂದೇ. ನನ್ನ ಕೈಯಲ್ಲಿದ್ದ ಫೋನು ತೋರಿಸಿ, ದಯವಿಟ್ಟು ಫೋಟೋ ಬೇಡ ಅಂದರು. ಅಪ್ಪ ಕಾರ್ಖಾನೆಗೆ ಇನ್ಸ್‌ಪೆಕ್ಟರ್ ಬಂದಾಗ ಆಡುವ ಇಂಗ್ಲಿಷಿನಲ್ಲಿ, "ಸಾರಿ ಸರ್, ವೆರಿ ಸಾರಿ ಸರ್, ವಿ ಆರ್ ಫ್ರಮ್ ನೈರೋಬಿ ಸರ್" ಅಂದರು. ಆಮೇಲೆ ಕಣ್ಣು ಕಲ್ಲುಗಳ ಮೇಲಿಟ್ಟುಕೊಂಡೇ ತಂದೆಯ ವಿಷಯ, ಪಾಸ್‌ಪೋರ್ಟಿನ ವಿಷಯ, ನೀರಿನ ವಿಷಯ ಹೇಳಿದರು.

ಮುದುಕರು ಅಮ್ಮನ ಕೈಯ ತಾಮ್ರದ ಚೊಂಬನ್ನು ನೋಡಿದರು. ಹೋಗಿ ಟವೆಲ್ ಸುತ್ತಿಕೊಂಡರು, ಉಳಿದವರಿಗೆ ಮೆಲ್ಲಗೆ ಏನೋ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಟವೆಲ್ಲೋ ಕಂಬಳಿಯೋ ಹೊದ್ದುಕೊಂಡರು. ಪೇಪರಿನವರು ಅದನ್ನು ಮಡಚಿಟ್ಟರು. ಚಹಾದ ಹೆಂಗಸು ಎದ್ದು ನಿಂತರು.

ಅಪ್ಪ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು. ಬಿಸಿಲು ಬಂದಿತ್ತು. ಹಗಲ ಬೆಳಕಿನಲ್ಲಿ, ಬಯಲಿನಲ್ಲಿ, ಅಪ್ಪನ ಬೆನ್ನನ್ನು ನಾನು ನೋಡಿದ್ದು ಆಗಲೇ. ಮುದುಕರೂ ನೋಡಿದರು. "ಕಲ್ಲು ಜಾರುತ್ತವೆ, ಹುಷಾರು," ಅಂದರು, ಅಷ್ಟೆ. ಮೊಣಕಾಲುದ್ದದ ನೀರಿನಲ್ಲಿ ನಿಂತು ಅಪ್ಪ ಜನಿವಾರ ಬಲಕ್ಕೆ ಹಾಕಿಕೊಂಡರು. ತಾತನ ಹೆಸರು ಬರುವಲ್ಲಿ ದನಿ ಒಡೆಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲೇ ಒಡೆಯಿತು. ಮೂರನೇ ಸಲಕ್ಕೆ ಅಜ್ಜಿ ದಡದಿಂದಲೇ ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಹೇಳಿದರು. ಅಪ್ಪ ನೀರು ಬಿಟ್ಟರು.

ಆಮೇಲೆ ಅವರು ಅಂಗಿ ಹಾಕಿಕೊಳ್ಳಲಿಲ್ಲ. ಪಂಚೆ ಹಿಂಡಿಕೊಂಡು ಕಲ್ಲಿನ ಮೇಲೆ ಕೂತು, ಬರೀ ಮೈಯಲ್ಲಿ, ಪುಳಿಯೋಗರೆ ತಿಂದರು. ಮುದುಕರಿಗೂ ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಟ್ಟರು. ಅರ್ಧ ಗಂಟೆಯಾದರೂ ಹಾಗೆ ಕೂತಿದ್ದರು. ಅಮ್ಮ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದರು, ಕೊಡಲಿಲ್ಲ.

ನೈರೋಬಿಗೆ ಬಂದ ವಾರದಲ್ಲೇ ನನ್ನ ಪ್ರದರ್ಶನ ಶುರು. ಸೌತ್ ಸಿಯಲ್ಲಿ ಮಾಡಿದೆ, ನಮ್ಮೂರಿನದೇ ಇನ್ನೊಂದು ಬಡಾವಣೆ ಹರ್ಲಿಂಗ್‌ಹ್ಯಾಮಿನಲ್ಲಿ ಒಬ್ಬರ ಫ್ಲಾಟಿನಲ್ಲಿ ಮಾಡಿದೆ. ಚಹಾ ಗೂಡಿನವಳು, ಹ್ಯಾಟಿನ ಮುದುಕರು, ಕಟ್ಟಿಟ್ಟ ಹಾಸಿಗೆಯಂಥ ಅಜ್ಜಿ, "ವೆರಿ ಸಾರಿ ಸರ್". ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ಟವೆಲ್ ಹೊದ್ದುಕೊಂಡ ಭಾಗಕ್ಕೆ ಯಾರೂ ನಗಲಿಲ್ಲ, ಅದನ್ನು ಕೈಬಿಟ್ಟೆ. ಅಪ್ಪನ ದನಿ ಒಡೆದದ್ದಕ್ಕೆ ನಗು ಬಂತು, ಅದನ್ನು ಉದ್ದ ಮಾಡಿದೆ. ಅಪ್ಪ ಜೊತೆಗಿದ್ದರೆ ಅವರೂ ನಗುತ್ತಿದ್ದರು, ನೆಲ ನೋಡಿಕೊಂಡು.

ದೀಪಾವಳಿಯ ನಂತರದ ಭಾನುವಾರ ಸಿರಿವಂತರ ಬಡಾವಣೆ ರುಂಡಾದಲ್ಲಿ ಶೈಲಾ ಆಂಟಿಯ ಮನೆಯ ಹುಲ್ಲುಹಾಸಿನಲ್ಲಿ ಎಲ್ಲರಿಗೂ ಮಧ್ಯಾಹ್ನದ ಊಟ. ಬಿಸಿಬೇಳೆಬಾತ್ ಮುಗಿಯುತ್ತಿದ್ದ ಹಾಗೆ ನನ್ನನ್ನು ಕುರ್ಚಿ ಹತ್ತಿಸಿದರು. ಹೊಸದು ಏನಾದರೂ ಸೇರಿಸಬೇಕಲ್ಲ? ಅಂಗಿ ಬಿಚ್ಚುವ ಅಭಿನಯ ಮಾಡಿ, ಜನರಿಗೆ ಬೆನ್ನು ತೋರಿಸಿ, ಶಾಲೆಯ ಭೂಗೋಳದ ಟೀಚರ ದನಿಯಲ್ಲಿ ಹೇಳಿದೆ: "ಲುಕ್ ಚಿಲ್ಡ್ರನ್, ಆನ್ ದಿಸ್ ಬ್ಯಾಕ್, ಬಿಗ್ ವೈಟ್ ಪ್ಯಾಚ್, ಲೇಕ್ ವಿಕ್ಟೋರಿಯಾ!"

ಇಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಶೈಲಾ ಆಂಟಿ, ನಿಜವಾಗಿಯೂ ಒಳ್ಳೆಯವರು, ಅಪ್ಪನ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಅಂದರು: "ರಾಘು ಅವರೇ, ನಮ್ಗೆ ಗೊತ್ತೇ ಇರ್ಲಿಲ್ಲ. ಹರ್ಲಿಂಗ್‌ಹ್ಯಾಮಲ್ಲಿ ಒಬ್ರು ಒಳ್ಳೇ ಸ್ಕಿನ್ ಡಾಕ್ಟರ್ ಇದಾರೆ. ನಂಬರ್ ಕಳಿಸ್ಲಾ?"

"ಕಳ್ಸಿ, ಕಳ್ಸಿ," ಅಂದರು ಅಪ್ಪ. ಅವರ ಕೈ ಕತ್ತಿನ ಗುಂಡಿಗೆ ಹೋಯಿತು. ಅದು ಹಾಕಿಯೇ ಇತ್ತು.

ಅಜ್ಜಿ ಈಗಿಲ್ಲ. ಅಪ್ಪ ಒಂದು ಅಮಾವಾಸ್ಯೆಯನ್ನೂ ತಪ್ಪಿಸುವುದಿಲ್ಲ, ಆದರೆ ಈಗ ಸ್ನಾನದ ಮನೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ಚೊಂಬು ಹಿಡಿಯಲು ನನ್ನನ್ನು ಕರೆಯುವುದಿಲ್ಲ. ನಾನು ಕೇಳಿದೆ, ಎರಡು ಮೂರು ವರ್ಷ ಬಿಟ್ಟುಬಿಟ್ಟು ಕೇಳಿದೆ. "ನಿನ್ಯಾಕೆ, ನಾನೇ ಮಾಡ್ಕೋತೀನಿ," ಅನ್ನುತ್ತಾರೆ, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ಕ್ಷಮೆ ಕೇಳಬಹುದಿತ್ತು. ಆ ಬೆನ್ನನ್ನು ನಾನು ಮತ್ತೆ ನೋಡಿಲ್ಲ. ಬಿಸಿಲೂ ನೋಡಿರಲಿಕ್ಕಿಲ್ಲ.

ಅಂದು ರುಂಡಾದಿಂದ ಸೌತ್ ಸಿಗೆ ಬರುವ ದಾರಿಯುದ್ದಕ್ಕೂ ಮಟಾಟುಗಳ ಜಾಮು. ಅಪ್ಪ ಗೇರು ಬದಲಿಸುತ್ತ ರಸ್ತೆಯನ್ನೇ ನೋಡುತ್ತಿದ್ದರು. ಅಮ್ಮ ಕಿಟಕಿಯ ಕಡೆ ತಿರುಗಿದ್ದರು. ನಾನೇ ಬಾಯಿ ಬಿಟ್ಟೆ. "ವಾಟ್ಸ್ ದ ಬಿಗ್ ಡೀಲ್, ಅಜ್ಜಿ? ಆ ಬೀಚಲ್ಲಿ ಅಷ್ಟು ಜನ ಎಲ್ಲಾ ಬಟ್ಟೆ ಬಿಚ್ಚಿದ್ರು, ಯಾರಿಗೂ ನಾಚಿಕೆ ಆಗ್ಲಿಲ್ಲ. ಅಪ್ಪಂಗೆ ಬರೀ ಒಂದು ಶರ್ಟಿಗೆ ಇಷ್ಟೊಂದಾ?"

ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ.

"ಅವರು ಬಿಚ್ಚಿದ್ದು ಅವರವರ ಬಟ್ಟೆ ಕಣೋ. ನೀನು ಬಿಚ್ಚಿದ್ದು ನಿಮ್ಮಪ್ಪಂದು."