ಕೇರೆ ಹಾವಿನ ಮೇಲೆ ಹಾಲಿನ ದೂರು

ಹೊಸದುರ್ಗದಲ್ಲಿ ಬೆಳಿಗ್ಗೆ ಏಳಕ್ಕೆ ಹಿರಿಯೂರಿನ ಬಸ್ಸು ಹತ್ತಿದೆವು. ಮೊಮ್ಮಗಳು ಮಂಜುಳಾಗೆ ಕಾಡು ಕಾಯುವ ಗಾರ್ಡ್ ಕೆಲಸ ಸಿಕ್ಕಿ ಎಂಟು ದಿನವಾಗಿತ್ತು. ಖಾಕಿ ತೊಟ್ಟು ಪಕ್ಕದಲ್ಲಿ ಕೂತಿದ್ದಳು. ಕೇಳಿದವರಿಗೂ ಕೇಳದವರಿಗೂ "ನನ್ನ ಮೊಮ್ಮಗಳು" ಎಂದು ಹೇಳಿದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನನಗೊಬ್ಬನಿಗೇ ತೆಗೆದುಕೊಂಡೆವು.

ಮಾರಿಕಣಿವೆಗೆ ಮೊದಲೇ ಇಳಿದು ಅವಳು ಕಾಯುವ ಕುರುಚಲು ಕಾಡಿನಲ್ಲಿ ಎರಡು ಮೈಲಿ ನಡೆದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾಡಂಚಿನ ಕುರಿಹಟ್ಟಿಯಲ್ಲಿ ಕುರಿಗಾರ ಈರಣ್ಣ ಹಾರೆ ಹಿಡಿದು ಕಲ್ಲುಗುಪ್ಪೆ ಕೀಳಲು ನಿಂತಿದ್ದ.

"ಇದ್ರೊಳಗೆ ಕೇರೆ ಐತೆ ಕಣಮ್ಮ. ಕಾಲಿಗೆ ಸುತ್ಕಂಡು ಈ ಕುರಿ ಹಾಲು ಕುಡೀತೈತೆ. ಮೂರು ದಿನದಿಂದ ಇದರ ಮರಿಗೆ ಹಾಲಿಲ್ಲ. ಇವತ್ತು ಅದನ್ನ ಉಳಿಸಲ್ಲ" ಎಂದ.

"ಹಾವಿಗೆ ತುಟಿ ಎಲ್ಲೈತೆ ಅಣ್ಣ, ಹೆಂಗೆ ಚೀಪ್ತೈತೆ? ಅದು ಬಂದಿರಾದು ನಿಮ್ಮ ರಾಗಿ ಚೀಲದ ಇಲಿಗೆ" ಎಂದಳು ಮಂಜುಳಾ.

"ಓದಿದೋರು ಹಂಗೇ ಅಂತೀರಿ. ನಿಮ್ಮಜ್ಜನ್ನೇ ಕೇಳು."

ನಾನು ತಲೆ ತಗ್ಗಿಸಿದೆ. ಇದೇ ದೂರಿನ ಮೇಲೆ ನಾನೂ ಎರಡು ಕೇರೆ ಹೊಡೆದವನು. ಆದರೂ ಕೂಸು ಅಷ್ಟು ಗಟ್ಟಿಯಾಗಿ ಹೇಳುವಾಗ ಒಂದು ಸಲ ನೋಡೇಬಿಡೋಣ ಎನಿಸಿತು. "ಊಟದ ತನಕ ತಡಿಯಪ್ಪ" ಎಂದು, ಮರಿಗಳಿಗೆ ಮೊಲೆ ಬಿಡಿಸಲು ಮಾಡುವಂತೆ ಆ ಕುರಿಯ ಕೆಚ್ಚಲಿಗೆ ದಪ್ಪಗೆ ಸಗಣಿ ಬಳಿದು ಕಲ್ಲುಗುಪ್ಪೆಯ ಪಕ್ಕದಲ್ಲೇ ಕಟ್ಟಿದೆ. ಕುಡಿದವರ ಮೂತಿ ಹೇಳುತ್ತದೆ.

ಕಾಯುವಾಗ ಮಂಜುಳಾ ಜಾಲಿಯ ಮೇಲೆ ಗೋಸುಂಬೆ ತೋರಿಸಿದಳು. ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಮಿಡತೆಯ ಕಡೆ. ನಾಲಿಗೆ ಹೋದದ್ದೂ ಬಂದದ್ದೂ ಕಾಣಲಿಲ್ಲ. ಮಿಡತೆ ಮಾತ್ರ ಇರಲಿಲ್ಲ.

"ಇದು ಮಿಡತೆ ತಿಂತೈತೆ, ಕೇರೆ ಇಲಿ ತಿಂತೈತೆ, ಇವೆರಡನ್ನೂ ಹದ್ದು ಒಯ್ತೈತೆ. ಕೇರೆ ಹೊಡೆದ್ರೆ ಇಲಿ ಹೆಚ್ತಾವೆ ಅಜ್ಜ, ಹದ್ದು ಹಸ್ಕಂಡಿರ್ತೈತೆ" ಎಂದಳು. ಎಷ್ಟು ಕಲಿತಿದ್ದಾಳೆ ಎಂದು ಅವಳ ಮುಖವನ್ನೇ ನೋಡುತ್ತ ಕೂತೆ.

ಮುದ್ದೆ, ಹುರುಳಿಸಾರು ಉಂಡು ಕೈ ತೊಳೆಯುವಾಗ ಈರಣ್ಣನ ಹೆಂಡತಿ ಹೊರಗಿನಿಂದ ಕೂಗಿದಳು: "ಬರ್ರಿ, ನಿಮ್ಮ ಹಾವು ನೋಡ್ರಿ! ಕೆಂಪು ದಾರ ಬೇರೆ ಕಟ್ಕಂಡೈತೆ!"

ಈರಣ್ಣ ಮುದ್ದಿನಿಂದ ಕೊರಳಿಗೆ ದಾರ ಕಟ್ಟಿದ್ದ, ಇನ್ನೊಂದು ಕುರಿಯ ಬಲಿತ ಟಗರುಮರಿ ಮೂತಿ ತುಂಬ ಸಗಣಿ ಮೆತ್ತಿಕೊಂಡು ಸೀನುತ್ತಿತ್ತು.

ಈರಣ್ಣ ಅದೇ ಹಾರೆಯಿಂದ ಗುಂಡಿ ತೋಡಿ, ಗೂಟ ನೆಟ್ಟು, ಟಗರುಮರಿಯನ್ನು ಕಟ್ಟಿದ. "ಕೇರೆ ಇರ್ಲಿ ಬಿಡ್ರಿ, ಮೇಡಮ್ಮೋರೆ" ಎಂದ. ಆ ಮಾತು ಕೇಳಿ ನನ್ನ ಕಣ್ಣು ತುಂಬಿತು.

ನಾಲ್ಕರ ಬಸ್ಸಿಗೆಂದು ಹೊರಟವನು ತಿರುಗಿ ನೋಡಿದೆ. ಕೇರೆ ಕಲ್ಲುಗುಪ್ಪೆಯಿಂದ ಇಳಿದು ರಾಗಿ ಚೀಲಗಳ ಕಡೆ ಹರಿಯುತ್ತಿತ್ತು. ಚೀಲಗಳ ಪಕ್ಕ ಕೂತಿದ್ದ ಈರಣ್ಣ ಅದನ್ನು ಕಂಡ. ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟ.