ರಾಜಾನುಕುಂಟೆಯಲ್ಲಿ ನಾನು ಕೇಳದೆ ಬಂದದ್ದು

ಅಕ್ಕ ನನ್ನನ್ನು ಒಂದೇ ಒಂದು ಕೆಲಸಕ್ಕೆ ಕಳಿಸಿದ್ದಳು. ನಾನು ಅದನ್ನು ಮಾಡಲಿಲ್ಲ. ಮಾಡಿದೆ ಎಂದು ಹೇಳಿದೆ.

ಹೋದ ವಾರ ಯಲಹಂಕದ ಆಚೆ ಒಂದು ಹೊಸ ಮನೆಗೆ ಟೈಲ್ಸ್ ಹಾಕಲು ಹೋಗಿದ್ದೆ. ಪಕ್ಕದ ಜಾಗದಲ್ಲಿ ಸೈಟುಗಳ ಗಡಿ ಗುರುತಿಸಲು ಸುಣ್ಣದ ಪುಡಿ ಉದುರಿಸುತ್ತಿದ್ದರು. ಗಾಳಿಯಲ್ಲಿ ಆ ಘಾಟು ಮೂಗಿಗೆ ಬಡಿದದ್ದೇ ಕರಣೆ ಕೆಳಗಿಟ್ಟು ಕೂತುಬಿಟ್ಟೆ. ವರ್ಷಗಳ ಹಿಂದೆ ಅಕ್ಕ ನನ್ನನ್ನು ಕಳಿಸಿದ ರಾಜಾನುಕುಂಟೆಯ ಆ ಹೊಲದಲ್ಲೂ ಇದೇ ವಾಸನೆ ಇತ್ತು...

ಅಕ್ಕ ಆರ್.ಟಿ. ನಗರದಲ್ಲಿ ರವಿಕೆ ಹೊಲಿಯುತ್ತಿದ್ದಳು. ಭಾವ ಹೋದ ಮೇಲೆ ಮಗಳನ್ನು ಕಟ್ಟಿಕೊಂಡು ಲೀಸ್ ಮನೆಯಿಂದ ಲೀಸ್ ಮನೆಗೆ ಅಲೆದು ಅವಳಿಗೆ ಸಾಕಾಗಿತ್ತು. ಒಂದು ಸೈಟು ಕೊಂಡಿಟ್ಟರೆ ಬೆಲೆ ಏರುತ್ತದೆ, ಮಗಳ ಕಾಲಕ್ಕೆ ಮನೆ ಕಟ್ಟಿದರಾಯಿತು ಎಂದುಕೊಂಡಳು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಜಾಗ ಕೊಂಡವರಲ್ಲ. ಅಳತೆ ಕೊಡಲು ಬಂದ ಹೆಂಗಸರ ಭುಜದ ಮೇಲೆ ಟೇಪು ಹಿಡಿದೇ ಅವಳು ಎಲ್ಲವನ್ನೂ ಕೇಳಿ ಕಲಿತಳು. "ನಿಮ್ಮ ಸೈಟ್ ಹೆಂಗ್ ತಗೊಂಡ್ರಿ? ಮೊದ್ಲು ಯಾರನ್ನ ವಿಚಾರಿಸಿದ್ರಿ?"

ರಾಜಾನುಕುಂಟೆಯಲ್ಲಿ ಹೊಲ ಒಡೆದು ಮಾಡಿದ ಒಂದು ಸೈಟು ಸಿಕ್ಕಿತು. ವಕೀಲರು ಕಾಗದ ನೋಡಿ ಸರಿ ಇದೆ ಎಂದರು. ಅಕ್ಕನಿಗೆ ಅಷ್ಟು ಸಾಲಲಿಲ್ಲ.

"ಅವರ ಮನೆ ಜಗಳ ಕಾಗದದಲ್ಲಿ ಬರ್ದಿರಲ್ಲ ಕಣೋ. ಮಾರೋನಿಗೆ ಅಕ್ಕತಂಗೀರು ಇದಾರಂತೆ. ಅವರಿಗೆ ಒಪ್ಪಿಗೆ ಇದೆಯಾ ಅಂತ ಪಕ್ಕದ ಹೊಲದೋರನ್ನ ಕೇಳ್ಕೊಂಡು ಬಾ. ಬ್ರೋಕರ್‌ನ ಕರ್ಕೊಂಡ್ ಹೋಗ್ಬೇಡ."

ದಾರಿ ಗೊತ್ತಾಗದೆ ನಾನು ಬ್ರೋಕರ್‌ಗೇ ಫೋನ್ ಮಾಡಿದೆ. ಅವನು ಬಂದ, ಜಾಗ ತೋರಿಸಿದ, ಬಿಸಿಲಲ್ಲಿ ಯಾಕೆ ಅಲೆಯುತ್ತೀಯ ಎಂದು ಊಟಕ್ಕೆ ಕರೆದುಕೊಂಡು ಹೋದ. ಎಲೆ ಮುಂದೆ ಕೂತು, ಅಕ್ಕತಂಗಿಯರ ವಿಷಯ ಅವನನ್ನೇ ಕೇಳಿದೆ. ಅವನು ನಕ್ಕ.

"ಹೆಣ್ಮಕ್ಳು ಏನ್ ಕೇಳ್ತಾರೆ ಗುರು? ಅರಿಶಿನ-ಕುಂಕುಮಕ್ಕೆ ಅಂತ ಒಂದ್ ಸೀರೆ ಕೊಟ್ರೆ ಪಾಲು ಬಿಟ್ಟು ಸೈನ್ ಹಾಕ್ತಾರೆ. ನಿಮ್ಮಕ್ಕ ಹಾಕ್ಲಿಲ್ವಾ?"

ಹಾಕಿದ್ದಳು. ಅಪ್ಪನ ಮನೆ ನನ್ನ ಹೆಸರಿಗೆ ಆಗುವಾಗ ಒಂದು ಸೀರೆ ತೆಗೆದುಕೊಂಡು, ಸೈನ್ ಹಾಕಿ, ನನಗೇ ಕಾಫಿ ಕುಡಿಸಿ ಕಳಿಸಿದ್ದಳು. ಹೆಣ್ಣುಮಕ್ಕಳೆಂದರೆ ಹಾಗೇ ಎಂದು ನಾನು ತಿಳಿದುಕೊಂಡಿದ್ದೆ. ಯಾವ ಹೊಲದವರನ್ನೂ ಮಾತಾಡಿಸದೆ ಬಸ್ಸು ಹತ್ತಿದೆ.

"ಕೇಳಿದ್ಯೇನೋ?"

"ಕೇಳ್ದೆ ಕಣಕ್ಕ. ಎಲ್ಲಾರೂ ಒಪ್ಪಿದಾರಂತೆ."

ಅಕ್ಕ ಹೊಲಿಗೆ ಮಷೀನು ನಿಲ್ಲಿಸಿ ನನ್ನ ಮುಖ ನೋಡಿದಳು. "ಸದ್ಯ, ನೀನ್ ಒಬ್ಬ ಇದೀಯಲ್ಲ."

ರಿಜಿಸ್ಟ್ರೇಷನ್ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮಾರಿದವನ ಅಕ್ಕತಂಗಿಯರು ತಮ್ಮ ಪಾಲು ಬೇಕೆಂದು ಕೋರ್ಟಿನಿಂದ ತಡೆ ತಂದರು. ಬಳೆ ಮಾರಿ ಕೊಂಡ ಜಾಗದಲ್ಲಿ ಅಕ್ಕ ಒಂದು ಕಲ್ಲು ನೆಡುವ ಹಾಗೂ ಇರಲಿಲ್ಲ. ಕೋರ್ಟಿನ ಹೊರಗೆ ಅವರಲ್ಲಿ ಹಿರಿಯಳು ಅಕ್ಕನ ಹತ್ತಿರ ಬಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಒಂದ್ ಮಾತು ಕೇಳಿದ್ರೆ ಏಳ್ತಿದ್ವಲ್ಲವ್ವ. ಒಲದ ಪಕ್ಕದಾಗೇ ನಮ್ಮನೆ."

ಅಕ್ಕ ನನ್ನ ಕಡೆ ತಿರುಗಲಿಲ್ಲ. ಬಸ್ಸಿನಲ್ಲೂ ಏನೂ ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ... ಮಗಳಿಗೆ ಮಾತ್ರ, "ನಿಮ್ಮ ಮಾಮ ವಿಚಾರಿಸಿದ್ದ, ಊರೋರೇ ಸುಳ್ಳು ಹೇಳಿದ್ರು" ಎಂದಿದ್ದಳಂತೆ. ಅಷ್ಟು ಹೇಳಿ ನನ್ನನ್ನು ಉಳಿಸಿದಳು. ನಾನೂ ಸುಮ್ಮನೆ ಉಳಿದುಕೊಂಡೆ. ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ಲೀಸ್ ಮನೆಯಲ್ಲೇ ತೀರಿಕೊಂಡಳು.

ಹೋದ ವಾರ ಕೆಲಸ ಮುಗಿಸಿ ನೇರ ಅಕ್ಕನ ಮಗಳ ಮನೆಗೆ ಹೋದೆ. ಹೇಗೆ ಶುರು ಮಾಡಲಿ ಎಂದು ನಾನು ತಡಕಾಡುತ್ತಿರುವಾಗ ಅವಳೇ ಶುರು ಮಾಡಿದಳು.

"ಮಾಮ, ನಾನೂ ಒಂದ್ ಸೈಟ್ ನೋಡಿದೀನಿ. ನೀವೇ ಹೋಗಿ ಸ್ವಲ್ಪ ವಿಚಾರಿಸ್ಕೊಂಡ್ ಬನ್ನಿ. ನಂಗ್ ಬೇರೆ ಯಾರ ಮೇಲೂ ನಂಬಿಕೆ ಇಲ್ಲ."

ಅವಳು ಕೊಟ್ಟ ಕಾಫಿಯನ್ನು ಕೆಳಗಿಟ್ಟೆ.

"ನನ್ನ ಕಳಿಸ್ಬೇಡ, ನೀನೇ ಹೋಗು. ಅವತ್ತು ಊರೋರು ಸುಳ್ಳು ಹೇಳ್ಲಿಲ್ಲ ಕಣವ್ವ. ನಾನು ಯಾರನ್ನೂ ಕೇಳ್ಲೇ ಇಲ್ಲ. ನಾನೇ ಸುಳ್ಳು ಹೇಳ್ದೆ. ತಪ್ಪಾಯ್ತು. ನಿಮ್ಮಮ್ಮಂಗ್ ಹೇಳ್ಬೇಕಾಗಿತ್ತು... ನಿಂಗ್ ಹೇಳ್ತಿದೀನಿ."