ಕಾಂತೋಕು ತಾವೇ ಆಡಿದ ಮಾತು

ಅವರ ಬಲಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಮೀಟಿಂಗ್ ಕೋಣೆಗೆ ತಾತಾಮಿ ಚಾಪೆ ಹಾಸಿತ್ತು. ಆಟಗಾರರೆಲ್ಲ ಮಂಡಿಯೂರಿ ಅಚ್ಚುಕಟ್ಟಾಗಿ ಕೂತರೆ, ಅವರು ಮಾತ್ರ ಎರಡೂ ಕೈಯಿಂದ ಆ ಕಾಲನ್ನು ಎತ್ತಿ ಮುಂದಕ್ಕೆ ಚಾಚಿಕೊಳ್ಳುತ್ತಿದ್ದರು. ಆಳು ಆರಡಿಗೂ ಮೇಲೆ. ದೂರ ದೂರ ಕೂರಬೇಕೆಂಬ ಕೊರೊನಾ ನಿಯಮ ಇದ್ದರೂ ಆ ಕಾಲು ಹೋಗಿ ಯಾರಿಗಾದರೂ ತಾಗುತ್ತಿತ್ತು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆಬಾಗಿಸಿ, ಆಮೇಲೆ ಕಾಲಿಗೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು.

ಆಟಗಾರರು ಅವರನ್ನು 'ಕಾಂತೋಕು' ಎನ್ನುತ್ತಿದ್ದರು. ತಂಡದ ಮ್ಯಾನೇಜರ್‌ಗೆ ಜಪಾನಿಯಲ್ಲಿ ಇರುವ ಮಾತು ಅದು. ನಾನೂ ಹಾಗೇ ಕರೆದೆ.

ನಾವು ಓಜಿಮಾದಲ್ಲಿದ್ದೆವು. ಗಂಡನಿಗೆ ಬೆಂಗಳೂರಿನ ಕಂಪನಿಯೊಂದರಿಂದ ಟೋಕಿಯೋಗೆ ಪೋಸ್ಟಿಂಗ್, ಮಗಳಿಗೆ ಶಾಲೆ, ನನಗೆ ಅಡುಗೆಮನೆ ಮತ್ತು ವಾರ್ಡ್ ಆಫೀಸಿನ ಜಪಾನಿ ಕ್ಲಾಸು. ಪರೀಕ್ಷೆಗಳನ್ನು ಪಾಸು ಮಾಡಿದ್ದೆ, ಅದರಿಂದ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಕೊರೊನಾ ಬಂತು. ಹತ್ತಿರದ ಚಿಕ್ಕ ಕ್ಲಬ್ಬೊಂದರ ದುಭಾಷಿ ರಜೆಗೆಂದು ತನ್ನ ದೇಶಕ್ಕೆ ಹೋದವನು ಗಡಿ ಮುಚ್ಚಿ ಅಲ್ಲೇ ಸಿಕ್ಕಿಹಾಕಿಕೊಂಡ. ನಮ್ಮ ಕ್ಲಾಸಿನ ಟೀಚರ್ ನನ್ನ ಹೆಸರು ಹೇಳಿದರು.

"ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ," ಎಂದೆ ಮೊದಲ ದಿನವೇ.

"ಒಳ್ಳೇದಾಯ್ತು," ಎಂದರು ಅವರು. "ಗೊತ್ತಿದ್ದವರು ನಾನು ಹೇಳಿದ್ದನ್ನ ತಿದ್ದೋಕೆ ಬರ್ತಾರೆ."

ಸ್ಕಾಟ್ಲೆಂಡಿನಲ್ಲಿ ಹಡಗು ಕಟ್ಟುವ ಊರೊಂದರಲ್ಲಿ ಹುಟ್ಟಿದವರು. ಅಪ್ಪ ಹಡಗುಕಟ್ಟೆಯಲ್ಲಿ ವೆಲ್ಡರ್. ಊರಿನ ತಂಡದಲ್ಲೇ ಡಿಫೆಂಡರ್ ಆಗಿ ಬೆಳೆದು, ಇನ್ನೇನು ದೊಡ್ಡ ಕ್ಲಬ್ ಕರೆದುಕೊಳ್ಳಬೇಕು ಎನ್ನುವಾಗ ಮಂಡಿ ಮುರಿಯಿತು. ಆಮೇಲೆ ಅಲ್ಲಿ ಯಾರಿಗೂ ಬೇಡವಾದರು. ಒಂದು ಸೀಸನ್ ಆಡಿ ಹೋಗೋಣವೆಂದು ಜಪಾನಿಗೆ ಬಂದರು. ಇಲ್ಲಿನ ಶಾಲಾಶಿಕ್ಷಕಿಯೊಬ್ಬರನ್ನು ಮದುವೆಯಾಗಿ ಉಳಿದುಬಿಟ್ಟರು. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಮಕ್ಕಳಿಗೆ ಆಟ ಕಲಿಸಿದರು. ನಿಧಾನಕ್ಕೆ ಈ ಕ್ಲಬ್ಬಿನ ಮ್ಯಾನೇಜರ್ ಆದರು. ದೊಡ್ಡ ಲೀಗಿನ ತಂಡವಲ್ಲ ಇದು. ಆಟಗಾರರಲ್ಲಿ ಅರ್ಧ ಜನ ಹಗಲು ಪಾರ್ಸೆಲ್ ಹಂಚುವವರು, ಕೊಂಬಿನಿ ಎಂಬ ದಿನಬಳಕೆಯ ಅಂಗಡಿಯಲ್ಲಿ ನಿಲ್ಲುವವರು.

ಆಗ ಸ್ಟೇಡಿಯಮ್ಮಿನಲ್ಲಿ ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಮಾಸ್ಕ್ ಹಾಕಿದ ಒಂದಿಷ್ಟು ಜನ ಚದುರಿ ಕೂತಿರುತ್ತಿದ್ದರು. ಆ ಮೌನದಲ್ಲಿ ಕಾಂತೋಕು ಅರಚಿದ್ದು ಮೈದಾನದ ಆ ತುದಿಗೂ ಕೇಳುತ್ತಿತ್ತು, ಅದರ ಬೆನ್ನಿಗೇ ನನ್ನ ದನಿ. "ನಿನಗಿಂತ ನಮ್ಮಜ್ಜಿ ಜೋರಾಗಿ ಓಡ್ತಾಳೆ!" ಎಂದು ಅವರು. "ದಯವಿಟ್ಟು ಇನ್ನೂ ಸ್ವಲ್ಪ ವೇಗವಾಗಿ ಓಡುವಿರಾ?" ಎಂದು ನಾನು. ಒಂದು ದಿನ ಕರೆದು ಕೇಳಿದರು: "ಅಷ್ಟು ಬೈದೆ, ಅವನು ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿದ. ನೀವು ಅವನಿಗೆ ಏನು ಹೇಳಿದ್ರಿ?" ಹೇಳಿದೆ. ಬೆಂಚು ಅಲುಗಾಡುವಂತೆ ನಕ್ಕರು. "ಬೈಗುಳಕ್ಕೆ ಎಷ್ಟು ಬೇಕಾದರೂ ನೀರು ಬೆರೆಸಿ. ಹೊಗಳಿದಾಗ ಮಾತ್ರ ಬೆರೆಸಬೇಡಿ." ಅವತ್ತಿನಿಂದ ನನ್ನನ್ನು 'ಸೆನ್ಸೇ', ಅಂದರೆ ಟೀಚರ್, ಎಂದು ಕರೆಯತೊಡಗಿದರು.

ಆ ವರ್ಷದ ಕೊನೆಗೆ ಕ್ಲಬ್ಬಿಗೆ ನೆರವಾಗಿದ್ದ ಕಂಪನಿ ಕೈಯೆತ್ತಿತು. ಕೆಲವು ಆಟಗಾರರನ್ನು ಬಿಡಬೇಕು, ಯಾರನ್ನೆಂದು ಕಾಂತೋಕು ಹೇಳಬೇಕು. ಅವರು ಹೇಳಿದ ಮೊದಲ ಹೆಸರು ಕ್ಯಾಪ್ಟನ್‌ನದು. ವಯಸ್ಸಾಗಿತ್ತು, ಕಾಲು ನಿಧಾನವಾಗಿತ್ತು. ಆದರೆ ತಂಡವನ್ನು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಮನುಷ್ಯ.

"ಇದನ್ನ ನಿಮ್ಮ ಬಾಯಲ್ಲಿ ಹೇಳಿಸಲ್ಲ ಸೆನ್ಸೇ," ಎಂದರು. "ನನಗೆ ಜಪಾನಿಯಲ್ಲಿ ಹೇಳಿಕೊಡಿ."

ಮೈದಾನದ ಬೆಂಚಿನ ಮೇಲೆ ಕೂತು ಹೇಳಿಕೊಟ್ಟೆ. ಮುಂದಿನ ಸೀಸನ್ನಿಗೆ ನಿಮಗೆ ಜಾಗವಿಲ್ಲ. ಇದು ನನ್ನ ತೀರ್ಮಾನ. ಕ್ಷಮಿಸಿ. ಇಷ್ಟು ವರ್ಷ ಇಲ್ಲಿದ್ದೂ ಅವರ ನಾಲಿಗೆ ಜಪಾನಿಗೆ ಹೊರಳುತ್ತಿರಲಿಲ್ಲ.

"ತೀರ್ಮಾನ ನಿಮ್ಮದಲ್ಲವಲ್ಲ, ಆಫೀಸಿನದು," ಎಂದೆ.

"ಹೆಸರು ಆರಿಸಿದ್ದು ನಾನು. ಆಫೀಸಿನ ಹಿಂದೆ ನಾನು ಅಡಗಿ ಕೂತರೆ ಅವನು ಯಾರ ಮೇಲೆ ಸಿಟ್ಟು ಮಾಡ್ಕೋಬೇಕು?" ಸ್ವಲ್ಪ ಹೊತ್ತು ಮಂಡಿ ತಿಕ್ಕಿಕೊಂಡರು. "ನಮ್ಮೂರ ಕ್ಲಬ್ ನನ್ನ ಬಿಟ್ಟಾಗ ಯಾರೂ ಏನೂ ಹೇಳಲಿಲ್ಲ. ಬೂಟನ್ನ ಒಂದು ಕವರಿನಲ್ಲಿ ಹಾಕಿ ಬಾಗಿಲ ಹೊರಗಿಟ್ಟಿದ್ದರು."

ಕ್ಯಾಪ್ಟನ್ ಬಂದಾಗ ನಾನು ಕೋಣೆಯ ಹೊರಗೇ ನಿಂತೆ. ಬಾಗಿಲು ತೆರೆದಿತ್ತು. ಕಾಂತೋಕು ಅವತ್ತು ಕಾಲು ಚಾಚಲಿಲ್ಲ. ನೋವು ನುಂಗಿಕೊಂಡು, ಹೇಗೋ ಎರಡೂ ಮಂಡಿಯೂರಿ ಕೂತು, ತಡವರಿಸುತ್ತ ಆ ಮಾತುಗಳನ್ನು ಹೇಳಿದರು. ಉಚ್ಚಾರ ಕೆಟ್ಟಿತ್ತು, ಅರ್ಥ ಮಾತ್ರ ಕೆಡಲಿಲ್ಲ. ಕ್ಯಾಪ್ಟನ್ ತಲೆಬಾಗಿ ಎದ್ದು, ನನ್ನ ಕಡೆಗೂ ನೋಡದೆ ಹೋದ. ಆಮೇಲೆ ಬಹಳ ತಿಂಗಳು ಅವರ ಫೋನು ಎತ್ತಲಿಲ್ಲ. ಆದರೂ ಕಾಂತೋಕು ಊರೂರಿನ ಶಾಲೆಗಳಿಗೆ ನನ್ನಿಂದ ಫೋನು ಮಾಡಿಸಿ, ಕಡೆಗೆ ಸಗಮಿಹಾರಾದ ಒಂದು ಹೈಸ್ಕೂಲಿನಲ್ಲಿ ಅವನಿಗೆ ಕೋಚ್ ಕೆಲಸ ಕೊಡಿಸಿದರು.

ಮುಂದಿನ ಬೇಸಿಗೆಗೆ ಅವರದೇ ಸರದಿ. ಸಾಲಾಗಿ ಸೋಲುತ್ತಿದ್ದೆವು. ಕ್ಲಬ್ಬಿನ ಅಧ್ಯಕ್ಷರು ನಮ್ಮಿಬ್ಬರನ್ನೂ ಕರೆಸಿ, ಕಾಂತೋಕು ಮುಖ ನೋಡದೆ ನನ್ನ ಮುಖವನ್ನೇ ನೋಡುತ್ತ, ಬಹಳ ವಿನಯದಿಂದ ಉದ್ದಕ್ಕೆ ಮಾತಾಡಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಬಾಯಿ ತೆರೆದೆ, ಅರ್ಧ ವಾಕ್ಯಕ್ಕೇ ನಿಲ್ಲಿಸಿದೆ.

"ಬಿಡಿ ಸೆನ್ಸೇ," ಎಂದರು ಮೆಲ್ಲಗೆ. "ಅರ್ಥ ಆಯ್ತು." ತಾವೇ ಅಧ್ಯಕ್ಷರ ಕಡೆ ತಿರುಗಿ, ತಮ್ಮ ಹರಕು ಜಪಾನಿಯಲ್ಲಿ, ಆಟಗಾರರಿಗೆ ನಾನೇ ಹೇಳಬಹುದೇ ಎಂದು ಕೇಳಿದರು. ವೆಬ್‌ಸೈಟಿನಲ್ಲಿ ಆಗಲೇ ಹಾಕಿಯಾಗಿದೆ ಎಂದು ಉತ್ತರ ಬಂತು. ಅವರ ಮುಖ ಇಳಿದುಹೋದದ್ದು ಆಗ. ಕೆಲಸ ಹೋಯಿತೆಂದಾಗಲೂ ಹಾಗೆ ಇಳಿದಿರಲಿಲ್ಲ.

ಹೊರಗೆ ಬಂದು ನನ್ನನ್ನೇ ವಿಚಾರಿಸಿದರು. "ನಿಮ್ಮ ಕೆಲಸ?"

"ಮುಂದಿನ ಮ್ಯಾನೇಜರ್ ಜಪಾನಿಯವರಂತೆ. ದುಭಾಷಿ ಬೇಕಾಗಲ್ಲ."

"ಇಬ್ಬರಿಗೂ ಕೆಂಪು ಕಾರ್ಡ್ ಅನ್ನಿ," ಎಂದರು. ಅದೇ ವಾರ ತಮ್ಮ ಮಂಡಿ ನೋಡುತ್ತಿದ್ದ ಡಾಕ್ಟರಿಗೆ ನನ್ನ ವಿಷಯ ಹೇಳಿದರು. ಆ ಆಸ್ಪತ್ರೆಯಲ್ಲೇ ನಾನು ಈಗಲೂ ದುಭಾಷಿ. ಕೊರೊನಾ ವಾರ್ಡಿನ ಡಾಕ್ಟರೊಬ್ಬರು ಒಮ್ಮೆ, ಅಲ್ಲಿ ದಾಖಲಾಗಿದ್ದ ನಮ್ಮ ದೇಶದ ಐಟಿ ಹುಡುಗನೊಬ್ಬನ ಹೆಂಡತಿಗೆ, ಗಂಡನ ಸ್ಥಿತಿ ಕೈಮೀರಿದೆ ಎಂದು ಫೋನಿನಲ್ಲೇ ತಿಳಿಸಿಬಿಡಿ ಎಂದರು. ನೀವೂ ಬನ್ನಿ ಸರ್, ಎದುರು ಕೂತು ಹೇಳೋಣ ಎಂದೆ. ಬಂದರು. ಆ ಧೈರ್ಯ ನನಗೆ ಎಲ್ಲಿಂದ ಬಂದಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಕಾಂತೋಕು ಮತ್ತೆ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಲಿಲ್ಲ. ಅರಕಾವಾ ನದಿಯ ದಂಡೆಯ ಮೈದಾನದಲ್ಲಿ ಶಾಲೆಯ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಗಡಿಗಳು ಮತ್ತೆ ತೆರೆದ ಶರತ್ಕಾಲದಲ್ಲಿ, ಅದೇ ಮೈದಾನದಲ್ಲಿ, ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಅಂತ್ಯಕ್ರಿಯೆಗೆ ಸ್ಕಾಟ್ಲೆಂಡಿನಿಂದ ಅವರ ತಂಗಿ ಬಂದರು. ದುಭಾಷಿಯಾಗಿ ಆಕೆಯ ಜೊತೆಗಿರಲು ಕಾಂತೋಕು ಹೆಂಡತಿ ನನ್ನನ್ನು ಕರೆದರು. ಹಳೆಯ ಆಟಗಾರರು ಕಪ್ಪು ಸೂಟು ಹಾಕಿಕೊಂಡು ಒಬ್ಬೊಬ್ಬರೇ ಬಂದು ತಂಗಿಗೆ ತಲೆಬಾಗಿ ಏನಾದರೂ ಹೇಳುತ್ತಿದ್ದರು. ಕ್ಯಾಪ್ಟನ್ನೂ ಬಂದ. "ನಿಮ್ಮ ಅಣ್ಣ ನನ್ನನ್ನ ತಂಡದಿಂದ ತೆಗೆದರು," ಎಂದ. "ತುಂಬ ಸಿಟ್ಟಿತ್ತು. ಈಗ ನಾನೂ ಹುಡುಗರನ್ನ ತಂಡದಿಂದ ಬಿಡಬೇಕಾಗುತ್ತೆ. ನಾನೇ ಹೋಗಿ ಹೇಳ್ತೀನಿ. ಎಷ್ಟು ಕಷ್ಟ ಅಂತ ಈಗ ಗೊತ್ತು."

ತಂಗಿ ಅವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನಗೆ ಹೇಳಿದರು: "ಫೋನ್ ಮಾಡಿದಾಗೆಲ್ಲ ಸೋತ ಮ್ಯಾಚ್‌ಗಳ ಕತೆ ಮಾತ್ರ ಹೇಳ್ತಿದ್ದ. ಇಷ್ಟು ಜನ ಇದ್ದಾರೆ ಅಂತ ಹೇಳಲೇ ಇಲ್ಲ."

ಸಾಲು ಮುಗಿಯಿತು. "ನೀವು?" ಎಂದು ತಂಗಿ ಕೇಳಿದರು. ಅಷ್ಟು ಹೊತ್ತೂ ಬೇರೆಯವರ ಮಾತು ಆಡಿದ್ದ ನಾನು ನನ್ನದನ್ನು ಹುಡುಕಬೇಕಾಯಿತು.

"ನನಗೆ ಮೊದಲ ಕೆಲಸ ಕೊಟ್ಟವರು," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.